ಸೀಮೋರ್ ಕ್ರೇ: ಬಿಸಿಯ ಜತೆ ಬದುಕಿಡೀ ಸೆಣಸಿದವ

ಪಿಸಿಯ ಪಕ್ಕದ ಮುಚ್ಚಳ ಬಿಚ್ಚಿ ನೋಡಿದವರಿಗೆ ಗೊತ್ತು. ಲೆಕ್ಕ ಮಾಡುವ ಪ್ರೊಸೆಸರ್ ಎರಡು ಮೂರು ಬೆರಳಿನಷ್ಟು ಅಗಲ, ಅದನ್ನು ತಣ್ಣಗಿಡುವ ಹೀಟ್‌ಸಿಂಕು ಮತ್ತು ಫ್ಯಾನು ಅಂಗೈಗಿಂತ ದೊಡ್ಡದು. ಸೊಲ್ಲಾಪುರ, ರಾಯದುರ್ಗದ ಕಡೆ ಏಪ್ರಿಲ್-ಮೇ ಬಿಸಿಲಿನಲ್ಲಿ ಮಟಮಟ ಮಧ್ಯಾಹ್ನ ಪಿಸಿ ತಾನಾಗಿಯೇ ಆಫ್ ಆಗುವುದು, ರಿಪೇರಿಯವನು ಬಂದು ಒಳಗಿನ ದೂಳು ಊದಿ, ಪ್ರೊಸೆಸರ್ ಮೇಲೆ ಹೊಸದಾಗಿ ಥರ್ಮಲ್ ಪೇಸ್ಟ್ ಹಚ್ಚಿ ಹೋಗುವುದು ಯಾರಿಗೂ ಹೊಸದಲ್ಲ.

ಈ ಕಾಯಿಲೆ ಪಿಸಿಗಿಂತ ಹಳೆಯದು. ಕಂಪ್ಯೂಟರ್ ವೇಗವಾಗಬೇಕಾದರೆ ಅದರ ಭಾಗಗಳು ಒಂದಕ್ಕೊಂದು ಹತ್ತಿರ ಇರಬೇಕು. ಹತ್ತಿರ ಇಟ್ಟರೆ ಬಿಸಿ ಏರುತ್ತದೆ. ಬಿಸಿಯನ್ನು ಹೊರಗೆ ಸಾಗಿಸದಿದ್ದರೆ ಯಂತ್ರ ಕೆಡುತ್ತದೆ. ಈ ಮೂರು ಮಾತಿನ ನಡುವೆಯೇ ನಲವತ್ತೈದು ವರ್ಷ ಕೆಲಸ ಮಾಡಿದ ಮನುಷ್ಯ ಅಮೆರಿಕದ ಸೀಮೋರ್ ಕ್ರೇ. ಸೂಪರ್ ಕಂಪ್ಯೂಟರ್ ಎಂಬ ಜಾತಿಗೆ ಅಪ್ಪ ಎಂದು ಕರೆಸಿಕೊಂಡವ. 1960ರ ದಶಕದ ನಡುವಿನಿಂದ ಹೆಚ್ಚೂಕಡಿಮೆ ಇಪ್ಪತ್ತು ವರ್ಷ, ಜಗತ್ತಿನಲ್ಲಿ ಅತಿ ವೇಗದ ಕಂಪ್ಯೂಟರ್ ಯಾವುದು ಎಂದು ಕೇಳಿದರೆ ಉತ್ತರ ಬಹುಪಾಲು ಆತನ ಯಂತ್ರವೇ ಆಗಿರುತ್ತಿತ್ತು. ಕೊನೆಗೆ ಆತನನ್ನು ಮಣಿಸಿದ್ದು ಮಾತ್ರ ನಮ್ಮ ನಿಮ್ಮ ಮೇಜಿನ ಮೇಲಿನ ಪಿಸಿಯ ಚಿಪ್ಪು.

ಕ್ರೇ ಹುಟ್ಟಿದ್ದು 1925ರ ಸೆಪ್ಟೆಂಬರ್ 28ರಂದು, ವಿಸ್ಕಾನ್ಸಿನ್ ರಾಜ್ಯದ ಚಿಪ್ಪೆವಾ ಫಾಲ್ಸ್ ಎಂಬಲ್ಲಿ. ಹೊಳೆ ದಂಡೆಯ ಊರು. ಹತ್ತು ಹನ್ನೆರಡು ಸಾವಿರ ಜನ, ಒಂದು ಹಳೆಯ ಬಿಯರ್ ಕಾರ್ಖಾನೆ, ಸುತ್ತಮುತ್ತ ಹೈನುಗಾರಿಕೆ, ಚಳಿಗಾಲವಿಡೀ ಹಿಮ. ತಂದೆ ಸಿವಿಲ್ ಎಂಜಿನಿಯರ್. ಮಗನ ಕೈ ಸುಮ್ಮನಿರುವುದಿಲ್ಲ ಎಂದು ಗೊತ್ತಾದ ಮೇಲೆ ಮನೆಯ ನೆಲಮಾಳಿಗೆಯನ್ನು ಆತನಿಗೇ ಬಿಟ್ಟುಕೊಟ್ಟರು. ಹತ್ತು ವರ್ಷದ ಹೊತ್ತಿಗೆ ಹುಡುಗ ಆಟದ ಲೋಹದ ಪಟ್ಟಿ, ನಟ್ಟು ಬೋಲ್ಟುಗಳನ್ನು ಜೋಡಿಸಿ, ತೂತು ಕೊರೆದ ಕಾಗದದ ಪಟ್ಟಿಯನ್ನು ತಂತಿ ಕಚೇರಿಯ ಮೋರ್ಸ್ ಸಂಕೇತಕ್ಕೆ ಬದಲಿಸುವ ಯಂತ್ರವೊಂದನ್ನು ಮಾಡಿದ್ದ.

1943ರಲ್ಲಿ ಹೈಸ್ಕೂಲು ಮುಗಿಯುತ್ತಿದ್ದಂತೆ ಸೈನ್ಯಕ್ಕೆ ಕರೆ ಬಂತು. ಯುರೋಪಿನಲ್ಲಿ ರೇಡಿಯೋ ಆಪರೇಟರ್ ಆಗಿದ್ದ. ಆಮೇಲೆ ಫಿಲಿಪೀನ್ಸಿನಲ್ಲಿ ಜಪಾನೀ ಸೈನ್ಯದ ಗುಪ್ತ ಸಂಕೇತಗಳನ್ನು ಬಿಡಿಸುವ ಕೆಲಸ. ಯುದ್ಧ ಮುಗಿದು ಬಂದವನು 1947ರಲ್ಲಿ ಮದುವೆಯಾದ, ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ 1949ರಲ್ಲಿ ಎಲೆಕ್ಟ್ರಿಕಲ್ ಎಂಜಿನಿಯರಿಂಗ್, 1951ರಲ್ಲಿ ಅನ್ವಯಿಕ ಗಣಿತ ಓದಿ ಮುಗಿಸಿದ.

ಓದು ಮುಗಿಯುವ ಮೊದಲೇ, 1950ರಲ್ಲಿ, ಸೇಂಟ್ ಪಾಲ್ ನಗರದ ಎಂಜಿನಿಯರಿಂಗ್ ರಿಸರ್ಚ್ ಅಸೋಸಿಯೇಟ್ಸ್ ಎಂಬ ಕಂಪನಿ ಸೇರಿದ್ದ. ಯುದ್ಧಕಾಲದಲ್ಲಿ ಗ್ಲೈಡರ್ ವಿಮಾನ ಮಾಡುತ್ತಿದ್ದ ಹಳೆಯ ಕಾರ್ಖಾನೆಯಲ್ಲಿ ಆ ಕಂಪನಿ ನೌಕಾಪಡೆಗೆ ಕಂಪ್ಯೂಟರ್ ಮಾಡುತ್ತಿತ್ತು. ಕಂಪ್ಯೂಟರ್ ಎಂದರೇನು ಎಂದು ಕಲಿಸುವ ಕಾಲೇಜುಗಳೇ ಇಲ್ಲದ ಕಾಲವದು. ಕ್ರೇ ಅಲ್ಲೇ ಕಲಿತ. ಆದರೆ ಆ ಕಂಪನಿಯನ್ನು ರೆಮಿಂಗ್ಟನ್ ರ್‍ಯಾಂಡ್ ಕೊಂಡಿತು, ಅದು ಸ್ಪೆರಿ ಜತೆ ಸೇರಿ ಇನ್ನೂ ದೊಡ್ಡದಾಯಿತು. ದೊಡ್ಡ ಕಂಪನಿ, ದೊಡ್ಡ ಮೀಟಿಂಗು. ಕ್ರೇಗೆ ಮೀಟಿಂಗುಗಳೆಂದರೆ ಆಗುತ್ತಿರಲಿಲ್ಲ. 1957ರಲ್ಲಿ ವಿಲಿಯಂ ನಾರಿಸ್ ಮತ್ತು ಕೆಲವರು ಹೊರಬಂದು ಕಂಟ್ರೋಲ್ ಡೇಟಾ ಕಾರ್ಪೊರೇಷನ್ ಕಟ್ಟಿದಾಗ ಆತನೂ ಹಿಂದೆಯೇ ಹೋದ.

ಹೊಸ ಕಂಪನಿಯಲ್ಲಿ ದುಡ್ಡಿರಲಿಲ್ಲ. ಒಳ್ಳೆಯ ಟ್ರಾನ್ಸಿಸ್ಟರ್ ಆಗ ದುಬಾರಿ. ಹಾಗಾಗಿ ಕ್ರೇ ಊರಿನ ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಸಿಗುವ ಅಗ್ಗದ ಟ್ರಾನ್ಸಿಸ್ಟರುಗಳನ್ನೇ ತಂದು, ಒಂದರಂತೆ ಇನ್ನೊಂದಿರದಿದ್ದರೂ ನಡೆಯುವ ಹಾಗೆ ಸರ್ಕೀಟು ಬರೆದ ಎಂದು ಆ ಕಾಲದವರು ಹೇಳುತ್ತಾರೆ. ಸೆಕೆಂಡ್‌ಹ್ಯಾಂಡ್ ಬಿಡಿಭಾಗ ಹುಡುಕಿ ಪಿಸಿ ಜೋಡಿಸುವ ಹುಡುಗರಿಗೆ ಈ ಕಥೆ ಅರ್ಥವಾದೀತು. ಹಾಗೆ ಹುಟ್ಟಿದ ಸಿಡಿಸಿ 1604 ಎಂಬ ಯಂತ್ರ 1960ರಲ್ಲಿ ಅಮೆರಿಕದ ನೌಕಾಪಡೆಯ ಕಾಲೇಜಿಗೆ ಹೋಯಿತು. ನಿರ್ವಾತ ಕೊಳವೆ ಬಿಟ್ಟು ಪೂರ್ತಿ ಟ್ರಾನ್ಸಿಸ್ಟರ್ ಮೇಲೆ ನಡೆದ ಮೊದಲ ದೊಡ್ಡ ಕಂಪ್ಯೂಟರುಗಳಲ್ಲಿ ಅದೂ ಒಂದು. ಜತೆಗೇ ಮೇಜಿನಷ್ಟು ಗಾತ್ರದ 160 ಎಂಬ ಸಣ್ಣ ಯಂತ್ರವನ್ನೂ ಆತ ಮಾಡಿದ. ಇವುಗಳ ವಂಶದ್ದೇ ಒಂದು ಜೋಡಿ, ದೊಡ್ಡ 3600 ಮತ್ತು ಸಣ್ಣ 160ಎ, 1964ರಲ್ಲಿ ಮುಂಬೈಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಗೆ ಬಂದವು. ನಮ್ಮ ದೇಶದ ಮೊದಮೊದಲ ದೊಡ್ಡ ಕಂಪ್ಯೂಟರುಗಳಲ್ಲಿ ಅದೂ ಸೇರಿದೆ.

1604 ಗೆದ್ದದ್ದೇ ಕ್ರೇಗೆ ತೊಂದರೆಯಾಯಿತು. ಕಂಪನಿ ಬೆಳೆಯಿತು, ಕೋಣೆಗೆ ಬಂದು ಬಾಗಿಲು ಬಡಿಯುವವರು ಹೆಚ್ಚಿದರು. ಆತ ನಾರಿಸ್ ಬಳಿ ಹೋಗಿ ಒಂದು ವಿಚಿತ್ರ ಬೇಡಿಕೆ ಇಟ್ಟ. ತಾನು ಊರಿಗೆ ವಾಪಸ್ ಹೋಗುತ್ತೇನೆ, ಅಲ್ಲೇ ಲ್ಯಾಬ್ ಕಟ್ಟಿಕೊಡಿ ಎಂದ. ಮುಖ್ಯ ಕಚೇರಿ ಇದ್ದ ಮಿನಿಯಾಪೊಲಿಸ್‌ನಿಂದ ಚಿಪ್ಪೆವಾ ಫಾಲ್ಸಿಗೆ ಸುಮಾರು 150 ಕಿಲೋಮೀಟರ್. ಮ್ಯಾನೇಜರುಗಳು ದಿನಾ ಬರಲಾರದಷ್ಟು ದೂರ. ನಾರಿಸ್ ಒಪ್ಪಿದ. 1962ರಲ್ಲಿ ಕ್ರೇಗೆ ಸೇರಿದ ಜಾಗದಲ್ಲೇ, ಮರಗಳ ನಡುವೆ, ಆತನ ಮನೆಗೆ ನಡೆದು ಹೋಗುವಷ್ಟು ಹತ್ತಿರ ಲ್ಯಾಬ್ ಎದ್ದಿತು. ಪೇಟೆಗೆ ಹೋದ ಎಂಜಿನಿಯರ್ ಊರಿಗೆ ಮರಳಿ, ಪೇಟೆಯ ಕಂಪನಿಯನ್ನೇ ತನ್ನ ಊರಿಗೆ ಕರೆಸಿಕೊಂಡ ಉದಾಹರಣೆ ಹೆಚ್ಚಿಲ್ಲ.

ಅಲ್ಲಿ ಹುಟ್ಟಿದ್ದು ಸಿಡಿಸಿ 6600. ಮೊದಲ ಸೂಪರ್ ಕಂಪ್ಯೂಟರ್ ಎಂದರೆ ಇದೇ ಎಂದು ಹೆಚ್ಚಿನವರು ಒಪ್ಪುತ್ತಾರೆ. ಜೇಮ್ಸ್ ಥಾರ್ನ್‌ಟನ್ ಈ ಕೆಲಸದಲ್ಲಿ ಕ್ರೇಯ ಬಲಗೈ. ಗಡಿಯಾರದ ವೇಗ 10 ಮೆಗಾಹರ್ಟ್ಸ್, ಸೆಕೆಂಡಿಗೆ ಸುಮಾರು 30 ಲಕ್ಷ ಲೆಕ್ಕ. ಇವತ್ತಿನ ಕಣ್ಣಿಗೆ ನಗು ಬರಬಹುದು. ಆದರೆ ಆಗಿನವರೆಗಿನ ಅತಿ ವೇಗದ ಯಂತ್ರ, ಐಬಿಎಂನ ಸ್ಟ್ರೆಚ್, ಇದರ ಮೂರನೇ ಒಂದು ಪಾಲಿನ ವೇಗವನ್ನಷ್ಟೇ ಮುಟ್ಟಿತ್ತು.

ಇದರ ಒಳಗುಟ್ಟು ಏನೆಂದರೆ ಒತ್ತಿ ಒತ್ತಿ ಜೋಡಿಸಿದ್ದು. ಎರಡು ಹಲಗೆಗಳ ನಡುವೆ ಬಿಡಿಭಾಗಗಳನ್ನು ಸೌದೆ ಒಟ್ಟಿದಂತೆ ಒಟ್ಟಿದರು. ಸುಮಾರು 4 ಲಕ್ಷ ಟ್ರಾನ್ಸಿಸ್ಟರು. ಹೊರಗಿನಿಂದ ನೋಡಿದರೆ ಕಪಾಟು ಕೂಡಿಸುವ ಚಿಹ್ನೆಯ ಆಕಾರ, ನಾಲ್ಕು ತೋಳಿನ ತಂತಿಗಳೂ ನಡುವೆ ಬಂದು ಕೂಡುವ ಹಾಗೆ. ಅಷ್ಟು ಒತ್ತಿದ ಮೇಲೆ ಫ್ಯಾನಿನ ಗಾಳಿ ಒಳಗೆ ನುಗ್ಗುವುದೇ ಇಲ್ಲ. ಅದಕ್ಕೆ ಕ್ರೇ ಫ್ರಿಜ್ಜಿನ ತಂತ್ರ ತಂದ. ಕಪಾಟಿನ ಒಳಗೆಲ್ಲ ಕೊಳವೆ ಓಡಿಸಿ ಫ್ರಿಯಾನ್ ಹರಿಸಿದ. ಈ ಕೆಲಸಕ್ಕೆ ಸೇರಿಕೊಂಡ ಡೀನ್ ರೌಶ್ ಎಂಬ ಎಂಜಿನಿಯರ್ ಮೊದಲು ಇದ್ದದ್ದು ಫ್ರಿಜ್ಜು ಮಾಡುವ ಅಮಾನಾ ಕಂಪನಿಯಲ್ಲಿ. ಹಾಲು ಕೆಡದಂತೆ ಇಡುವ ವಿದ್ಯೆಯೇ ಅಣುಬಾಂಬಿನ ಲೆಕ್ಕ ಹಾಕುವ ಯಂತ್ರವನ್ನು ಉಳಿಸಿತು ಎನ್ನಬೇಕು.

1963ರ ಆಗಸ್ಟಿನಲ್ಲಿ 6600 ಸುದ್ದಿ ಹೊರಬಿದ್ದಾಗ ಐಬಿಎಂನ ಮುಖ್ಯಸ್ಥ ಥಾಮಸ್ ವಾಟ್ಸನ್ ಕಿರಿಯನಿಗೆ ತಲೆ ಕೆಟ್ಟಿತು. ಕಸ ಗುಡಿಸುವವನೂ ಸೇರಿ ಬರೀ 34 ಜನ ಇರುವ ಲ್ಯಾಬೊಂದು ಇಷ್ಟು ದೊಡ್ಡ ನಮ್ಮನ್ನು ಹೇಗೆ ಹಿಂದೆ ಹಾಕಿತು ಎಂದು ತನ್ನವರಿಗೆ ಒಂದು ಟಿಪ್ಪಣಿ ಬರೆದ. ಆ ಟಿಪ್ಪಣಿ ಕಂಪ್ಯೂಟರ್ ಚರಿತ್ರೆಯಲ್ಲಿ ಇವತ್ತಿಗೂ ಪ್ರಸಿದ್ಧ. ಐಬಿಎಂ ಬಳಿಕ ಇನ್ನೂ ತಯಾರಾಗದ ಯಂತ್ರವೊಂದನ್ನು ಘೋಷಿಸಿ, ಗಿರಾಕಿಗಳು 6600 ಕೊಳ್ಳದೆ ಕಾಯುವಂತೆ ಮಾಡಿತು. ಅಂಗಡಿಯಲ್ಲಿ ಸಿಗದ ಗ್ರಾಫಿಕ್ಸ್ ಕಾರ್ಡನ್ನು ಬರೀ ಕಾಗದದಲ್ಲಿ ಬಿಡುಗಡೆ ಮಾಡುವ ಚಾಳಿ ಹೊಸದಲ್ಲ ನೋಡಿ! ಕಂಟ್ರೋಲ್ ಡೇಟಾ 1968ರಲ್ಲಿ ಕೋರ್ಟಿಗೆ ಹೋಯಿತು. 1973ರಲ್ಲಿ ರಾಜಿಯಾಗಿ ಐಬಿಎಂ ತನ್ನದೊಂದು ಸೇವಾ ಕಂಪನಿಯನ್ನು ಕಂಟ್ರೋಲ್ ಡೇಟಾಗೆ ಬಿಟ್ಟುಕೊಡಬೇಕಾಯಿತು.

1969ರಲ್ಲಿ 7600 ಬಂತು, 36 ಮೆಗಾಹರ್ಟ್ಸ್. ಅದಾದ ಮೇಲೆ 8600. ಇದರಲ್ಲಿ ಕ್ರೇ ಎಡವಿದ. ಬಿಡಿ ಟ್ರಾನ್ಸಿಸ್ಟರುಗಳನ್ನೇ ಇನ್ನಷ್ಟು ಒತ್ತಿ ಒತ್ತಿ ಜೋಡಿಸಿದರೆ ಆದೀತು ಎಂದು ಹೊರಟ, ಆಗಲಿಲ್ಲ. ಒಂದು ಕಡೆ ಬಿಸಿ, ಇನ್ನೊಂದು ಕಡೆ ಲಕ್ಷಾಂತರ ಬೆಸುಗೆಗಳಲ್ಲಿ ಯಾವುದಾದರೂ ಒಂದು ಕೈಕೊಡುವುದು. ಕಂಪನಿಯಲ್ಲಿ ಖರ್ಚು ಕಡಿತದ ಮಾತು ಬಂದಾಗ, ತನ್ನ ಹುಡುಗರನ್ನು ಕೆಲಸದಿಂದ ತೆಗೆಯುವ ಬದಲು ಕ್ರೇ ತನ್ನ ಸಂಬಳವನ್ನೇ ಕನಿಷ್ಠ ಕೂಲಿಗೆ ಇಳಿಸಿಕೊಂಡನಂತೆ. ಆದರೂ ಸಾಲಲಿಲ್ಲ. ಪೂರ್ತಿ ಅಳಿಸಿ ಹೊಸದಾಗಿ ಶುರು ಮಾಡಬೇಕೆಂದು ಕ್ರೇಗೆ ಅನ್ನಿಸಿತ್ತು, ಅದಕ್ಕೆ ನಾರಿಸ್ ಬಳಿ ದುಡ್ಡಿರಲಿಲ್ಲ. ಆತ ಇನ್ನೊಂದು ಯಂತ್ರಕ್ಕೆ ಆಗಲೇ ಹಣ ಸುರಿದಾಗಿತ್ತು. 1972ರಲ್ಲಿ ಕ್ರೇ ಹೊರಬಿದ್ದ. ಜಗಳವಿಲ್ಲದೆ ಬಿಟ್ಟ ಎನ್ನುವುದಕ್ಕೆ ಸಾಕ್ಷಿ, ಆತ ಶುರು ಮಾಡಿದ ಕ್ರೇ ರಿಸರ್ಚ್‌ಗೆ ನಾರಿಸ್‌ನ ಕಂಪನಿಯೇ ಒಂದಷ್ಟು ಬಂಡವಾಳ ಹಾಕಿತು.

ಆಗ ಕ್ರೇಗೆ 47 ವರ್ಷ. ಮುಂದೆ ಬಂದದ್ದು ಆತನ ಹೆಸರನ್ನು ಜಗತ್ತಿಗೆ ಹೊತ್ತೊಯ್ದ ಯಂತ್ರ, ಕ್ರೇ-1.

ಈ ಸಲ ಆತ ಹಠ ಬಿಟ್ಟ. ಬಿಡಿ ಟ್ರಾನ್ಸಿಸ್ಟರ್ ಕೈಬಿಟ್ಟು ಇಂಟಿಗ್ರೇಟೆಡ್ ಸರ್ಕೀಟಿನ ಚಿಪ್ಪುಗಳಿಗೆ ಬಂದ. ಅದೂ ಬೆರಳೆಣಿಕೆಯ ನಮೂನೆಗಳು ಮಾತ್ರ, ಆದರೆ ಲಕ್ಷಗಟ್ಟಲೆ ಸಂಖ್ಯೆಯಲ್ಲಿ. ತಾಮ್ರದ ತಗಡಿನ ಎರಡೂ ಬದಿಗೆ ಸರ್ಕೀಟ್ ಹಲಗೆ ಅಂಟಿಸಿದರು. ಬಿಸಿ ತಾಮ್ರದಿಂದ ಅಂಚಿಗೆ ಹರಿದು ಅಲ್ಯೂಮಿನಿಯಂ ಕಂಬಕ್ಕೆ ಬರುತ್ತದೆ, ಕಂಬದೊಳಗಿನ ಉಕ್ಕಿನ ಕೊಳವೆಯಲ್ಲಿ ಹರಿಯುವ ಫ್ರಿಯಾನ್ ಅದನ್ನು ಹೊತ್ತೊಯ್ಯುತ್ತದೆ. ಪಿಸಿಯ ಹೀಟ್‌ಸಿಂಕಿನಲ್ಲೂ ತಾಮ್ರದ ತಳ, ಅಲ್ಯೂಮಿನಿಯಂ ಗರಿ ಇರುವುದನ್ನು ನೋಡಿದವರಿಗೆ ಇದು ಪರಿಚಿತವೇ. ಈ ಕೊಳವೆಗಳು ಸೋರದಂತೆ ಮಾಡುವುದಕ್ಕೇ ತುಂಬ ಕಾಲ ಹಿಡಿಯಿತು.

ಇನ್ನು ತಂತಿಯ ಮಾತು. ವಿದ್ಯುತ್ ಸಂಕೇತ ಎಷ್ಟೇ ಬೇಗ ಓಡಿದರೂ ಒಂದು ನ್ಯಾನೊ ಸೆಕೆಂಡಿನಲ್ಲಿ, ಅಂದರೆ ಸೆಕೆಂಡಿನ ನೂರು ಕೋಟಿಯ ಒಂದು ಪಾಲಿನಲ್ಲಿ, ತಂತಿಯೊಳಗೆ ಒಂದು ಗೇಣಿನಷ್ಟು ದೂರ ಹೋಗುತ್ತದೆ. ಕ್ರೇ-1ರ ಗಡಿಯಾರದ ಒಂದು ಬಡಿತ 12.5 ನ್ಯಾನೊ ಸೆಕೆಂಡು, ಅಂದರೆ 80 ಮೆಗಾಹರ್ಟ್ಸ್. ತಂತಿ ಉದ್ದವಾದರೆ ಸಂಕೇತ ದಾರಿಯಲ್ಲಿರುವಾಗಲೇ ಬಡಿತ ಮುಗಿದುಹೋಗುತ್ತದೆ. ಅದಕ್ಕೆ ಆತ ಯಂತ್ರವನ್ನು ಸಾಲಾಗಿ ನಿಲ್ಲಿಸದೆ ಬಾಗಿಸಿದ. ಹನ್ನೆರಡು ಕಂಬಗಳನ್ನು ಮುಕ್ಕಾಲು ಸುತ್ತಿನಲ್ಲಿ ನಿಲ್ಲಿಸಿ, ತಂತಿಗಳೆಲ್ಲ ಒಳಮೈಯಲ್ಲಿ ಬರುವಂತೆ ಮಾಡಿದ. ಒಳಗಿನ ಯಾವ ತಂತಿಯೂ ನಾಲ್ಕು ಅಡಿಗಿಂತ ಉದ್ದವಿಲ್ಲ. ತಂತಿ ಕಟ್ಟುವ ಕೆಲಸವೆಲ್ಲ ಕೈಯಲ್ಲೇ, ಹೆಚ್ಚಾಗಿ ಮಹಿಳೆಯರದ್ದು. ಒಂದು ತಂತಿಯ ಅಳತೆ ತಪ್ಪಿದರೂ ಲೆಕ್ಕ ತಪ್ಪುತ್ತಿತ್ತು. ಒಂದೊಂದು ಯಂತ್ರಕ್ಕೂ ತಿಂಗಳುಗಟ್ಟಲೆ. ವಿದ್ಯುತ್ ಪೂರೈಕೆಯ ಪೆಟ್ಟಿಗೆಗಳು ಬುಡದ ಸುತ್ತ ಇದ್ದವು. ಅವುಗಳ ಮೇಲೆ ಮೆತ್ತೆ ಹೊದಿಸಿ ಕಟ್ಟೆಯಂತೆ ಮಾಡಿದ್ದರು. ಜಗತ್ತಿನ ಅತಿ ವೇಗದ ಕಂಪ್ಯೂಟರು ಅರಳಿಕಟ್ಟೆಯ ಹಾಗೆ ಕುಳಿತುಕೊಳ್ಳಲೂ ಆಗುತ್ತಿತ್ತು!

ತೂಕ ಐದೂವರೆ ಟನ್. ವಿದ್ಯುತ್ತು 115 ಕಿಲೋವ್ಯಾಟ್. ಐದು ಎಚ್‌ಪಿಯ ಬೋರ್‌ವೆಲ್ ಪಂಪುಗಳು ಮೂವತ್ತು ಒಟ್ಟಿಗೆ ಓಡಿದಷ್ಟು. ಇಷ್ಟೆಲ್ಲ ತಿಂದು ಸೆಕೆಂಡಿಗೆ ಗರಿಷ್ಠ 16 ಕೋಟಿ ಲೆಕ್ಕ ಮಾಡುತ್ತಿತ್ತು. ಮೆಮೊರಿ 8 ಮೆಗಾಬೈಟ್, ಇವತ್ತಿನ ಮೊಬೈಲಿನ ಮೂರ್ನಾಲ್ಕು ಫೋಟೊ ತುಂಬಿದರೆ ಮುಗಿಯಿತು.

ಕ್ರೇ-1 ಗೆದ್ದದ್ದು ಗಡಿಯಾರದ ವೇಗದಿಂದ ಮಾತ್ರವಲ್ಲ. ಒಂದೇ ಆದೇಶಕ್ಕೆ ಸಂಖ್ಯೆಗಳ ಇಡೀ ಸಾಲನ್ನೇ ಸಂಸ್ಕರಿಸುವ ವೆಕ್ಟರ್ ವಿಧಾನ ಅದರಲ್ಲಿತ್ತು. 64 ಸಂಖ್ಯೆಗಳನ್ನು ಪ್ರೊಸೆಸರಿನ ಒಳಗೇ ಸಾಲಾಗಿ ಇಟ್ಟುಕೊಂಡು, ಒಂದರ ಹಿಂದೊಂದರಂತೆ ಗಾಣಕ್ಕೆ ಕಬ್ಬು ಕೊಟ್ಟಂತೆ ಕೊಡುತ್ತಾ ಹೋಗುವುದು. ಇದೇ ಯೋಚನೆ ಬಹಳ ವರ್ಷಗಳ ನಂತರ ಪಿಸಿಗೂ ಇಳಿಯಿತು. 1997ರ ಪೆಂಟಿಯಂನ ಎಂಎಂಎಕ್ಸ್, 1999ರ ಪೆಂಟಿಯಂ-3ರ ಎಸ್‌ಎಸ್‌ಇ ಅದರ ದೂರದ ಸಂಬಂಧಿಗಳು. ಗ್ರಾಫಿಕ್ಸ್ ಕಾರ್ಡು ಕೂಡ ಅದೇ ಬಳಗದ್ದು.

ಮೊದಲ ಕ್ರೇ-1 ಯಂತ್ರ 1976ರಲ್ಲಿ ಲಾಸ್ ಅಲಾಮೋಸ್ ಪ್ರಯೋಗಾಲಯಕ್ಕೆ ಆರು ತಿಂಗಳ ಪರೀಕ್ಷೆಗೆಂದು ಹೋಯಿತು. ಅಲ್ಲಿ ಮೆಮೊರಿಯಲ್ಲಿ ಆಗಾಗ ತಪ್ಪು ಕಾಣಿಸಿಕೊಂಡಿತು. ತಪ್ಪನ್ನು ತಾನೇ ತಿದ್ದಿಕೊಳ್ಳುವ ವ್ಯವಸ್ಥೆಯನ್ನು ವೇಗದ ಆಸೆಗೆ ಕ್ರೇ ಬಿಟ್ಟಿದ್ದ. ಮುಂದಿನ ಯಂತ್ರಗಳಲ್ಲಿ ಅದನ್ನು ಸೇರಿಸಲೇಬೇಕಾಯಿತು. ದುಡ್ಡು ಕೊಟ್ಟು ಕೊಂಡ ಮೊದಲ ಗಿರಾಕಿ ಅಮೆರಿಕದ ರಾಷ್ಟ್ರೀಯ ವಾತಾವರಣ ಸಂಶೋಧನಾ ಕೇಂದ್ರ, 1977ರಲ್ಲಿ, 88 ಲಕ್ಷ ಡಾಲರಿಗೂ ಹೆಚ್ಚು ಬೆಲೆಗೆ. ಹತ್ತು ಹನ್ನೆರಡು ಮಾರಾಟವಾದರೆ ಹೆಚ್ಚು ಎಂದುಕೊಂಡಿದ್ದ ಯಂತ್ರ 80ಕ್ಕೂ ಹೆಚ್ಚು ಹೋಯಿತು.

ಹೆಸರು ಬಂದ ಮೇಲೂ ಆತ ಬದಲಾಗಲಿಲ್ಲ. ಕಂಪನಿಯ ಗದ್ದುಗೆಯನ್ನು ಜಾನ್ ರೋಲ್‌ವ್ಯಾಗನ್‌ಗೆ ಬಿಟ್ಟು, 1981ರಲ್ಲಿ ತಾನು ಬರೀ ಗುತ್ತಿಗೆಯ ವಿನ್ಯಾಸಗಾರನಾಗಿ ಉಳಿದ. ಕಾಗದ, ಪೆನ್ಸಿಲ್, ಸರ್ಕೀಟಿನ ಸಮೀಕರಣಗಳು. ರಾತ್ರಿ ಹೊತ್ತು ಲ್ಯಾಬಿಗೆ ಬಂದು ಒಬ್ಬನೇ ಕೂರುವುದು ರೂಢಿ. ಫೋನಿಗೆ ಸಿಗುವವನಲ್ಲ, ಪತ್ರಕರ್ತರಿಗಂತೂ ಇಲ್ಲವೇ ಇಲ್ಲ. ಮನೆಯ ಅಡಿಯಲ್ಲಿ ಸುರಂಗ ತೋಡುವುದು ಆತನ ಹವ್ಯಾಸ. ನಿಜವಾದ ಸುರಂಗವೇ, ಮರದ ಹಲಗೆ ಹೊದಿಸಿದ್ದು. ಲೆಕ್ಕ ಬಿಡಿಸದೆ ನಿಂತಾಗ ಹೋಗಿ ಒಂದೆರಡು ತಾಸು ಅಗೆದರೆ, ಕಾಡಿನ ಪುಟ್ಟ ಯಕ್ಷರು ಬಂದು ಉತ್ತರ ಕೊಟ್ಟು ಹೋಗುತ್ತಾರೆ ಎಂದು ತಮಾಷೆ ಮಾಡುತ್ತಿದ್ದ. ವರ್ಷಕ್ಕೊಂದು ಮರದ ದೋಣಿ ಕಟ್ಟಿ, ಬೇಸಿಗೆಯೆಲ್ಲ ಅದರಲ್ಲಿ ತಿರುಗಿ, ಮುಂದಿನ ವರ್ಷದ ದೋಣಿಗೆ ಹಳೆಯದರ ನೆರಳು ಬೀಳದಿರಲೆಂದು ಸುಟ್ಟುಹಾಕುತ್ತಿದ್ದ ಎಂಬ ಕಥೆಯೂ ಇದೆ. ಪೂರ್ತಿ ನಿಜವೋ, ಜನ ಕಟ್ಟಿದ್ದೋ. ಆತನ ಸ್ವಭಾವಕ್ಕೆ ಮಾತ್ರ ಹೊಂದುತ್ತದೆ. ಈ ಸ್ವಭಾವಕ್ಕೆ ಬೆಲೆ ತೆತ್ತವರೂ ಇರಬೇಕು. ಮೂರು ಮಕ್ಕಳಾದ ಮೊದಲ ಮದುವೆ 1970ರ ದಶಕದಲ್ಲಿ ಮುರಿದುಬಿತ್ತು, 1980ರಲ್ಲಿ ಮತ್ತೊಮ್ಮೆ ಮದುವೆಯಾದ.

ಇನ್ನೊಂದು ಸ್ವಾರಸ್ಯ. ಆಪಲ್ ಕಂಪನಿ ತನ್ನ ಕಂಪ್ಯೂಟರುಗಳ ವಿನ್ಯಾಸಕ್ಕೆಂದು 1986ರಲ್ಲಿ ಒಂದು ಕ್ರೇ ಯಂತ್ರ ಕೊಂಡಿತು. ಅದನ್ನು ಕೇಳಿ ಕ್ರೇ, ತಾನು ಮುಂದಿನ ಯಂತ್ರದ ವಿನ್ಯಾಸಕ್ಕೆ ಆಪಲ್ ಪಿಸಿಯನ್ನೇ ಬಳಸುತ್ತಿರುವುದಾಗಿ ತಿಳಿಸಿದನಂತೆ.

1985ರ ಕ್ರೇ-2ರಲ್ಲಿ ಬಿಸಿಯ ವಿರುದ್ಧದ ಯುದ್ಧ ಕಡೆಯ ಹಂತ ಮುಟ್ಟಿತು. ಹಲಗೆಗಳನ್ನು ಎಂಟೆಂಟು ಪದರ ಪೇರಿಸಿದ ಮೇಲೆ ತಾಮ್ರದ ತಗಡಿಗೂ ಜಾಗವಿಲ್ಲ. ಕ್ರೇ ಇಡೀ ಯಂತ್ರವನ್ನೇ ದ್ರವದಲ್ಲಿ ಮುಳುಗಿಸಿದ. ಫ್ಲೋರಿನರ್ಟ್ ಎಂಬ ಆ ದ್ರವ ವಿದ್ಯುತ್ತನ್ನು ಹರಿಯಗೊಡುವುದಿಲ್ಲ, ಹಾಗಾಗಿ ಶಾರ್ಟ್ ಆಗುವ ಭಯವಿಲ್ಲ. ಪಕ್ಕದಲ್ಲಿ ಗಾಜಿನ ಗೋಪುರದೊಳಗೆ ಬಿಸಿಯಾದ ದ್ರವ ಜಲಪಾತದಂತೆ ಬೀಳುತ್ತಿತ್ತು. ನಾಲ್ಕು ಪ್ರೊಸೆಸರು, ಸುಮಾರು 244 ಮೆಗಾಹರ್ಟ್ಸ್, 2 ಗಿಗಾಬೈಟ್ ಮೆಮೊರಿ. ಪಿಸಿಗಳಲ್ಲಿ ಮೆಮೊರಿಯನ್ನು ಕಿಲೋಬೈಟಿನಲ್ಲಿ ಎಣಿಸುತ್ತಿದ್ದ ಕಾಲದಲ್ಲಿ! ಪಿಸಿಯನ್ನು ಎಣ್ಣೆ ತುಂಬಿದ ತೊಟ್ಟಿಯಲ್ಲಿ ಮುಳುಗಿಸಿ ಓವರ್‌ಕ್ಲಾಕ್ ಮಾಡುವ ಹುಚ್ಚರಿಗೆ ಇದೇ ಗುರುಪೀಠ.

ಈ ಹೊತ್ತಿಗೆ ಕ್ರೇ ಎಂಬ ಹೆಸರು ಭಾರತದ ರಾಜಕೀಯಕ್ಕೂ ಬಂದಿತ್ತು. ಮಳೆ ಮುನ್ಸೂಚನೆಗೆ ದೊಡ್ಡ ಕಂಪ್ಯೂಟರ್ ಬೇಕೆಂದು ಭಾರತ ಸರ್ಕಾರ ಕ್ರೇ ಎಕ್ಸ್‌ಎಂಪಿ ಯಂತ್ರ ಕೇಳಿತು. ಇದು ಕ್ರೇ-1ರ ತಳಹದಿಯ ಮೇಲೆ ಸ್ಟೀವ್ ಚೆನ್ ಎಂಬಾತ ವಿನ್ಯಾಸ ಮಾಡಿದ್ದು. ಕೇಳಿದ್ದು ಎರಡು ಪ್ರೊಸೆಸರಿನದ್ದು. ಅಣ್ವಸ್ತ್ರದ, ಕ್ಷಿಪಣಿಯ ಲೆಕ್ಕಕ್ಕೆ ಬಳಸಿಯಾರು ಎಂಬ ಅನುಮಾನದಿಂದ ಅಮೆರಿಕ ಒಂದೇ ಪ್ರೊಸೆಸರಿನ ಯಂತ್ರಕ್ಕೆ ಒಪ್ಪಿತು. ಅದೂ ಹವಾಮಾನದ ಕೆಲಸ ಬಿಟ್ಟು ಬೇರೆಯದಕ್ಕೆ ಬಳಸಬಾರದೆಂಬ ಕರಾರಿನ ಮೇಲೆ. 1988-89ರಲ್ಲಿ ಆ ಯಂತ್ರ ದೆಹಲಿಯ ಮಧ್ಯಮಾವಧಿ ಹವಾಮಾನ ಮುನ್ಸೂಚನೆ ಕೇಂದ್ರದಲ್ಲಿ ಕೆಲಸ ಶುರು ಮಾಡಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೂ ಒಂದು ಕ್ರೇ ತರುವ ಪ್ರಯತ್ನ ನಡೆಯಿತು. ಆ ಕಾಲದಲ್ಲಿ ಅದು ಬರಲಿಲ್ಲ.

ಕೊಡದಿದ್ದರೆ ಮಾಡಿಕೊಳ್ಳುತ್ತೇವೆ ಎಂದು 1988ರಲ್ಲಿ ಪುಣೆಯಲ್ಲಿ ಸಿ-ಡ್ಯಾಕ್ ಹುಟ್ಟಿತು. ವಿಜಯ್ ಭಟ್ಕರ್ ಮುಂದಾಳತ್ವದಲ್ಲಿ 1991ರಲ್ಲಿ ಪರಮ್ 8000 ಸಿದ್ಧವಾಯಿತು. ಅದಕ್ಕೂ ಮೊದಲೇ, 1986ರಲ್ಲಿ, ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯದವರು ಫ್ಲೋಸಾಲ್ವರ್ ಎಂಬ ಯಂತ್ರವನ್ನು ಪಿಸಿಗಳಿಗೆ ಹಾಕುವ ಜಾತಿಯ ಇಂಟೆಲ್ ಚಿಪ್ಪುಗಳಿಂದಲೇ ಜೋಡಿಸಿದ್ದರು. ಎರಡೂ ಹಿಡಿದದ್ದು ಕ್ರೇಯ ದಾರಿಗೆ ತದ್ವಿರುದ್ಧ. ಕ್ರೇಯದು ಒಂದೆರಡು ಬಲಿಷ್ಠ ಪ್ರೊಸೆಸರು. ಇವರದು ಸಣ್ಣ, ಅಗ್ಗದ ಪ್ರೊಸೆಸರುಗಳ ಹಿಂಡು. ಒಂದು ಹೊಲಕ್ಕೆ ದೊಡ್ಡ ಟ್ರ್ಯಾಕ್ಟರೋ, ಆಳುಗಳ ಮುಯ್ಯಿಯೋ ಎಂಬಂಥ ವಾದ ಅದು. ಹಿಂಡು ಕಟ್ಟಿ ಕೆಲಸ ಮಾಡಿಸುವುದು ಆಗುಹೋಗುವ ಮಾತಲ್ಲ ಎಂದೇ ಕ್ರೇ ಬಹಳ ಕಾಲ ನಂಬಿದ್ದ.

ಅಷ್ಟರಲ್ಲಿ ಆತನ ಮನೆಯಲ್ಲೇ ಕಷ್ಟ ಶುರುವಾಗಿತ್ತು. ಕ್ರೇ-3ಕ್ಕೆ ಆತ ಸಿಲಿಕಾನ್ ಬಿಟ್ಟು ಗ್ಯಾಲಿಯಂ ಆರ್ಸೆನೈಡ್ ಎಂಬ ವಸ್ತುವಿನ ಚಿಪ್ಪು ಹಿಡಿದ. ವೇಗ ಹೆಚ್ಚು, ಬೆಲೆಯೂ ಹೆಚ್ಚು, ತಯಾರಿಸುವುದು ಇನ್ನೂ ಕಷ್ಟ. ಕಂಪನಿಯೊಳಗೆ ಇನ್ನೊಂದು ತಂಡ ಸಿಲಿಕಾನಿನಲ್ಲೇ ಬೇರೆ ಯಂತ್ರ ಮಾಡುತ್ತಿತ್ತು. ಎರಡಕ್ಕೂ ಹಣ ಸಾಲದೆ, 1989ರಲ್ಲಿ ಕ್ರೇ ತನ್ನದೇ ಹೆಸರಿನ ಕಂಪನಿಯಿಂದ ಬೇರೆಯಾಗಿ ಕೊಲರಾಡೊ ಸ್ಪ್ರಿಂಗ್ಸ್ ನಗರದಲ್ಲಿ ಕ್ರೇ ಕಂಪ್ಯೂಟರ್ ಕಾರ್ಪೊರೇಷನ್ ಆರಂಭಿಸಬೇಕಾಯಿತು. ಹೊಸ ಕಂಪನಿಗೆ ಊರಿನ ಮರಗಳ ನೆರಳಿರಲಿಲ್ಲ, ಬೆನ್ನಿಗೆ ನಿಲ್ಲುವ ನಾರಿಸ್‌ನಂಥವನೂ ಇರಲಿಲ್ಲ. ಆದದ್ದು ತಡದ ಮೇಲೆ ತಡ. 1991ರ ಕೊನೆಗೆ ಸೋವಿಯತ್ ಒಕ್ಕೂಟ ಒಡೆಯಿತು, ಶೀತಲ ಸಮರ ಮುಗಿಯಿತು, ಬಾಂಬಿನ ಲೆಕ್ಕಕ್ಕೆ ಯಂತ್ರ ಕೊಳ್ಳುತ್ತಿದ್ದವರ ಕೈ ಬಿಗಿಯಾಯಿತು. ಅದೇ ಡಿಸೆಂಬರಿನಲ್ಲಿ ಏಕೈಕ ಗಿರಾಕಿ ಲಾರೆನ್ಸ್ ಲಿವರ್‌ಮೋರ್ ಪ್ರಯೋಗಾಲಯ ಆರ್ಡರ್ ರದ್ದು ಮಾಡಿತು. 1993ರಲ್ಲಿ ಒಂದು ಕ್ರೇ-3 ಯಂತ್ರವನ್ನು ವಾತಾವರಣ ಕೇಂದ್ರಕ್ಕೆ ಪರೀಕ್ಷೆಗೆ ಕೊಟ್ಟರು. ಅದು ಬಿಟ್ಟರೆ ಒಂದೂ ಮಾರಾಟವಾಗಲಿಲ್ಲ.

ಹಠಮಾರಿ ಕ್ರೇ ಆಗಲೇ ಕ್ರೇ-4ಕ್ಕೆ ಕೈಹಾಕಿದ್ದ. ಅದರ ಗುರಿ 1 ಗಿಗಾಹರ್ಟ್ಸ್. ಪಿಸಿಯ ಪ್ರೊಸೆಸರುಗಳಾದ ಎಎಂಡಿ ಅಥ್ಲಾನ್, ಇಂಟೆಲ್ ಪೆಂಟಿಯಂ-3 ಆ ಗೆರೆ ಮುಟ್ಟಿದ್ದು 2000ದ ಮಾರ್ಚಿನಲ್ಲಿ. ಕ್ರೇ-4 ಹೆಚ್ಚೂಕಡಿಮೆ ಸಿದ್ಧವಾಗಿತ್ತು. ದುಡ್ಡು ಮುಗಿದಿತ್ತು. 1995ರ ಮಾರ್ಚ್ 24ರಂದು ಕಂಪನಿ ದಿವಾಳಿ ಅರ್ಜಿ ಹಾಕಿತು.

ಹೊರಗೆ ಆಗಿದ್ದೇನೆಂದರೆ, ಲಕ್ಷಗಟ್ಟಲೆ ಮಾರಾಟವಾಗುವ ಪಿಸಿ ಚಿಪ್ಪಿಗೆ ಇಂಟೆಲ್ ಸುರಿಯುವ ಹಣದ ಮುಂದೆ, ವರ್ಷಕ್ಕೆ ಹತ್ತಿಪ್ಪತ್ತು ಯಂತ್ರ ಮಾರುವ ಯಾರೂ ನಿಲ್ಲುವಂತಿರಲಿಲ್ಲ. 1994ರಲ್ಲಿ ನಾಸಾದ ಥಾಮಸ್ ಸ್ಟರ್ಲಿಂಗ್ ಮತ್ತು ಡೊನಾಲ್ಡ್ ಬೆಕರ್ ಅಂಗಡಿಯಲ್ಲಿ ಸಿಗುವ 486 ಪ್ರೊಸೆಸರುಗಳ ಹದಿನಾರು ಪಿಸಿಗಳನ್ನು ನೆಟ್‌ವರ್ಕ್ ತಂತಿಯಲ್ಲಿ ಕೂಡಿಸಿ, ಲಿನಕ್ಸ್ ಹಾಕಿ, ಬೇವುಲ್ಫ್ ಎಂಬ ಬಡವರ ಸೂಪರ್ ಕಂಪ್ಯೂಟರ್ ಮಾಡಿ ತೋರಿಸಿದ್ದರು.

ಇದನ್ನೆಲ್ಲ ಕ್ರೇ ನೋಡಿದ. 70 ದಾಟಿದ ಮನುಷ್ಯ, ಗೆದ್ದು ಸೋತು ಮುಗಿಸಿದವನು, ಮನೆಯಲ್ಲಿ ಕೂರಬಹುದಿತ್ತು. ಆತ 1996ರಲ್ಲಿ ಎಸ್‌ಆರ್‌ಸಿ ಕಂಪ್ಯೂಟರ್ಸ್ ಎಂಬ ಮತ್ತೊಂದು ಕಂಪನಿ ತೆರೆದ. ಈ ಸಲದ ಯೋಜನೆ, ಇಂಟೆಲ್ ಪ್ರೊಸೆಸರುಗಳನ್ನು ಹಿಂಡುಗಟ್ಟಿ ದುಡಿಸುವ ಯಂತ್ರ. ಮೂವತ್ತು ವರ್ಷ ತಾನೇ ಒಲ್ಲೆ ಎಂದ ದಾರಿ.

1996ರ ಸೆಪ್ಟೆಂಬರ್ 22, ಭಾನುವಾರ. ಕೊಲರಾಡೊ ಸ್ಪ್ರಿಂಗ್ಸ್‌ನ ಹೆದ್ದಾರಿಯಲ್ಲಿ ಕ್ರೇ ತನ್ನ ಜೀಪಿನಲ್ಲಿ ಹೋಗುತ್ತಿದ್ದ. ಓವರ್‌ಟೇಕ್ ಮಾಡಲು ಹೊರಟ ಒಂದು ಕಾರು ಮತ್ತೊಂದಕ್ಕೆ ಬಡಿಯಿತು, ಅದು ಬಂದು ಈತನ ಜೀಪಿಗೆ ಬಡಿಯಿತು. ಜೀಪು ಮೂರು ಪಲ್ಟಿ ಹೊಡೆಯಿತು. ತಲೆಗೆ, ಕುತ್ತಿಗೆಗೆ ಭಾರಿ ಪೆಟ್ಟು. ಆಸ್ಪತ್ರೆಯಲ್ಲಿದ್ದಾಗಲೇ 71 ತುಂಬಿತು. ಅಕ್ಟೋಬರ್ 5ರಂದು ಪ್ರಾಣ ಹೋಯಿತು.

ಎರಡೇ ತಿಂಗಳು ಕಳೆದು ಡಿಸೆಂಬರಿನಲ್ಲಿ ಎಎಸ್‌ಸಿಐ ರೆಡ್ ಎಂಬ ಯಂತ್ರ ಸೆಕೆಂಡಿಗೆ ಒಂದು ಲಕ್ಷ ಕೋಟಿ ಲೆಕ್ಕದ ಗಡಿಯನ್ನು ಮೊದಲ ಬಾರಿಗೆ ದಾಟಿತು. ಅದರೊಳಗೆ ಇದ್ದದ್ದು 200 ಮೆಗಾಹರ್ಟ್ಸಿನ ಪೆಂಟಿಯಂ ಪ್ರೊ ಚಿಪ್ಪುಗಳು, ಏಳು ಸಾವಿರಕ್ಕೂ ಹೆಚ್ಚು.

ಕ್ರೇ ರಿಸರ್ಚ್ ಅದೇ ವರ್ಷ ಸಿಲಿಕಾನ್ ಗ್ರಾಫಿಕ್ಸ್ ಕೈಗೆ ಹೋಗಿತ್ತು. 2000ದಲ್ಲಿ ಟೆರಾ ಎಂಬ ಕಂಪನಿ ಅದನ್ನು ಕೊಂಡು, ತನ್ನ ಹೆಸರನ್ನೇ ಕ್ರೇ ಎಂದು ಬದಲಿಸಿಕೊಂಡಿತು. 2019ರಲ್ಲಿ ಹ್ಯೂಲೆಟ್ ಪ್ಯಾಕರ್ಡ್ ಎಂಟರ್‌ಪ್ರೈಸ್ ಕೊಂಡಿತು. ಹೆಸರು ಮಾತ್ರ ಉಳಿಯುತ್ತ ಬಂತು. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯಲ್ಲಿ 2018ರ ಜನವರಿಯಲ್ಲಿ ಉದ್ಘಾಟನೆಯಾದ, ಮುಂಗಾರಿನ ಲೆಕ್ಕ ಹಾಕಿದ ಪ್ರತ್ಯೂಷ್ ಕೂಡ ಕ್ರೇ ಹೆಸರಿನ ಯಂತ್ರವೇ. ಹಿಂದೆ ಕ್ರೇ ಸಿಗದ ಬೆಂಗಳೂರಿನ ವಿಜ್ಞಾನ ಸಂಸ್ಥೆಗೆ 2015ರಲ್ಲಿ ಒಂದು ಕ್ರೇ ಎಕ್ಸ್‌ಸಿ40 ಬಂತು. ಅದಕ್ಕೆ ಸಹಸ್ರ-ಟಿ ಎಂದು ಹೆಸರಿಟ್ಟರು. ಒಳಗೆ ಸಾಲುಸಾಲಾಗಿ ಇದ್ದದ್ದು ಇಂಟೆಲ್ ಪ್ರೊಸೆಸರುಗಳು.